ಬಿಡಿಭಾಗ ಬದಲಾದ ಉಪಕರಣ ಅದೇ ಉಪಕರಣವೇ?

ಕಿಟಕಿಯ ಗಾಜು ಒರೆಸುವ ಕಸುಬಿನವರ ಮುಖ್ಯ ಉಪಕರಣ ಸ್ಕ್ವೀಜಿ. ಅದಕ್ಕೆ ಮೂರೇ ಭಾಗ: ಹಿಡಿ, ಹಿಡಿಯ ಬಾಯಿಗೆ ಸಿಗಿಸುವ ಲೋಹದ ಚಾನೆಲ್, ಚಾನೆಲ್ಲಿನೊಳಗೆ ಕೂರುವ ರಬ್ಬರ್ ಪಟ್ಟಿ. ಅಮೆರಿಕದ ಓಕ್‌ಲ್ಯಾಂಡಿನಲ್ಲಿ ನೆಲೆಸಿದ್ದ ಇಟಲಿ ಮೂಲದ ಎತ್ತೋರೆ ಸ್ತೆಕೋನೆ 1936ರಲ್ಲಿ ಹಗುರವಾದ, ಒಂದೇ ರಬ್ಬರ್ ಅಂಚಿನ ಹಿತ್ತಾಳೆ ಸ್ಕ್ವೀಜಿಗೆ ಪೇಟೆಂಟ್ ಪಡೆದ. ಅದಕ್ಕೂ ಮುಂಚಿನ ಉಕ್ಕಿನ ಭಾರೀ ಸ್ಕ್ವೀಜಿಯಲ್ಲಿ ರಬ್ಬರ್ ಬದಲಿಸಲು ಸಾಲುಸಾಲು ಸ್ಕ್ರೂ ಬಿಚ್ಚಬೇಕಿತ್ತು. ಈಗ ಎಲ್ಲವೂ ಸಲೀಸಾಗಿ ಕಳಚಿ ಬರುತ್ತವೆ. ಹಾಗಾಗಿಯೇ ಒಂದು ಹಳೆಯ ತತ್ತ್ವಪ್ರಶ್ನೆ ಇಲ್ಲಿ ನಿತ್ಯದ ಪ್ರಶ್ನೆಯಾಗಿದೆ: ಭಾಗಗಳೆಲ್ಲ ಬದಲಾದ ಮೇಲೂ ಉಪಕರಣ ಅದೇ ಆಗಿ ಉಳಿಯುತ್ತದೆಯೇ?

ಅಂಗಡಿಯಿಂದ ತಂದ ಸ್ಕ್ವೀಜಿಯನ್ನು ನುರಿತವರು ಹಾಗೇ ಬಳಸುವುದು ಕಡಿಮೆ. ಚಿಕ್ಕ ಚೌಕಗಳ ಕಿಟಕಿಗೆ 14 ಅಂಗುಲದ ಚಾನೆಲ್ ದೊಡ್ಡದಾಗುತ್ತದೆ; ಅದನ್ನು ಹ್ಯಾಕ್ಸಾದಿಂದ ಅಳತೆಗೆ ಕೊಯ್ದು, ತುದಿಯ ಮುಳ್ಳುಗಳನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮುಳ್ಳು ಉಳಿದರೆ ಗಾಜಿಗೆ ಗೀರು ಬೀಳುತ್ತದೆ. ರಬ್ಬರನ್ನು ಚಾನೆಲ್ಲಿನ ಎರಡೂ ತುದಿಯಿಂದ 2–3 ಮಿ.ಮೀ. ಹೊರಚಾಚುವಂತೆ ಕತ್ತರಿಸುತ್ತಾರೆ, ಚೌಕಟ್ಟಿನ ಅಂಚಿನ ನೀರನ್ನು ಎಳೆಯುವುದು ಆ ಚಾಚಿದ ಚೂರೇ. ಬಿಸಿಲಿಗೆ ಗಟ್ಟಿ ರಬ್ಬರ್, ಚಳಿಗೆ ಮೆತ್ತನೆಯದು. ಒಂದಂಚು ಸವೆದರೆ ಪಟ್ಟಿಯನ್ನು ಮಗುಚುತ್ತಾರೆ. ಅದೂ ಸವೆದರೆ ಹೊಸ ಪಟ್ಟಿ.

ಇಂಥ ಪ್ರಶ್ನೆಗೆ ಬೌದ್ಧ ಭಿಕ್ಷು ನಾಗಸೇನ ರಾಜ ಮಿಲಿಂದನಿಗೆ ರಥದ ಉದಾಹರಣೆಯಿಂದ ಕೊಟ್ಟ ಉತ್ತರ ಪ್ರಸಿದ್ಧ. ಚಕ್ರ ರಥವಲ್ಲ, ಅಚ್ಚು ರಥವಲ್ಲ. ಇವೆಲ್ಲ ಕೂಡಿದಾಗ ಬಳಕೆಗೆ ಇಟ್ಟ ಹೆಸರಷ್ಟೇ ರಥ. ಈ ಮಾತನ್ನು ಒಪ್ಪಿದರೆ ರಬ್ಬರ್ ಬದಲಾದದ್ದು ಸಮಸ್ಯೆಯೇ ಅಲ್ಲ.

ನ್ಯಾಯದರ್ಶನ ಇದನ್ನು ಒಪ್ಪಲಿಲ್ಲ. ಅವಯವಗಳಿಗಿಂತ ಬೇರೆಯಾದ, ಆದರೆ ಅವುಗಳಲ್ಲೇ ಸಮವಾಯದಿಂದ, ಅಂದರೆ ಬಿಡಿಸಲಾಗದ ಸಂಬಂಧದಿಂದ, ನೆಲೆಸಿರುವ ಅವಯವಿ ಎಂಬ ವಸ್ತು ಇದೆ ಎಂಬುದು ಅದರ ಪಕ್ಷ. ಗೌತಮನ ನ್ಯಾಯಸೂತ್ರ ಕೊಡುವ ಒಂದು ಕಾರಣ ಕೈಕೆಲಸದವರಿಗೆ ತಟ್ಟನೆ ಹೊಳೆಯುವಂಥದು: ಒಂದು ಕಡೆ ಹಿಡಿದೆಳೆದರೆ ಇಡೀ ವಸ್ತು ಬರುತ್ತದೆ. ಹಿಡಿಯನ್ನೆತ್ತಿದರೆ ರಬ್ಬರೂ ಮೇಲೇಳುತ್ತದೆ, ಸರಿ. ಆದರೆ ಭಾಷ್ಯಕಾರ ವಾತ್ಸ್ಯಾಯನನೇ ಈ ಕಾರಣ ಸಾಲದೆನ್ನುತ್ತಾನೆ. ಅರಗಿನಿಂದ ಅಂಟಿಸಿದ ಹುಲ್ಲು, ಕಲ್ಲು, ಕಟ್ಟಿಗೆಯೂ ಒಟ್ಟಿಗೇ ಮೇಲೇಳುತ್ತವೆ. ಅಷ್ಟಕ್ಕೇ ಅಲ್ಲೊಂದು ಹೊಸ ವಸ್ತು ಹುಟ್ಟಿತೆನ್ನಲಾಗದು. ಸಿಗಿಸಿದ ಬಿಗಿತದಲ್ಲಷ್ಟೇ ನಿಂತ ಸ್ಕ್ವೀಜಿಯನ್ನು ಈ ಅರಗಿನ ಗಂಟಿನ ಜೊತೆಗೆ ಸೇರಿಸಬೇಕೆನ್ನುವವರಿಗೂ ಬಲವಾದ ವಾದವಿದೆ. ಅವಯವಿಯೆಂದೇ ಒಪ್ಪಿದರೂ ಕಷ್ಟ ತಪ್ಪದು. ಬಟ್ಟೆಯಿಂದ ಒಂದು ನೂಲು ಕಿತ್ತರೆ ಹಳೆಯ ಬಟ್ಟೆ ನಾಶವಾಗಿ ಖಂಡಪಟವೆಂಬ ಹೊಸದು ಹುಟ್ಟುತ್ತದೆ ಎಂಬ ಲೆಕ್ಕದಲ್ಲಿ, ಚಾನೆಲ್ಲನ್ನು ಒಂದಂಗುಲ ಕೊಯ್ದೊಡನೆ ಹಳೆಯ ಸ್ಕ್ವೀಜಿ ಹೋಗಿ ಇನ್ನೊಂದು ಬರಬೇಕು. ತರ್ಕವೇನೋ ಬಿಗಿಯಾಗಿದೆ, ಉಪಕರಣದ ಒಡೆಯ ಮಾತ್ರ ಒಪ್ಪಲಾರ. ಕರ್ನಾಟಕದ ಆಯುಧಪೂಜೆಯಲ್ಲೂ ಟೈರ್ ಬದಲಿಸಿದ ಗಾಡಿಯನ್ನು ಬೇರೆ ಗಾಡಿಯೆಂದು ಯಾರೂ ಎಣಿಸುವುದಿಲ್ಲ. ಕುಂಕುಮ ಹಚ್ಚುವುದು ಅನ್ನ ಕೊಟ್ಟ ಗಾಡಿಗೇ.

ಅರಿಸ್ಟಾಟಲ್ ಆತ್ಮವನ್ನು ಕುರಿತ ಗ್ರಂಥದಲ್ಲಿ ಇನ್ನೊಂದು ದಾರಿ ಹಿಡಿಯುತ್ತಾನೆ. ಕೊಡಲಿಗೆ ಆತ್ಮವಿದ್ದಿದ್ದರೆ ಅದು ಕೊಡಲಿತನವೇ ಆಗಿರುತ್ತಿತ್ತು. ಅದು ಹೋದರೆ ಉಳಿಯುವುದು ಹೆಸರಿಗಷ್ಟೇ ಕೊಡಲಿ. ರಬ್ಬರಿನ ಅಂಚಿಗೆ ಕೂದಲೆಳೆಯಷ್ಟು ಕಚ್ಚು ಬಿದ್ದರೂ ಒರೆಸಿದ ಗಾಜಿನುದ್ದಕ್ಕೂ ನೀರಿನ ಗೆರೆ ಉಳಿಯುತ್ತದೆ. ಆಗ ಹಳೆಯ ರಬ್ಬರನ್ನೇ ಇಟ್ಟುಕೊಂಡರೆ ದ್ರವ್ಯ ಉಳಿದು ಉಪಕರಣ ಹೋಯಿತು. ಬದಲಿಸಿದರೆ ದ್ರವ್ಯ ಹೋಗಿ ಉಪಕರಣ ಉಳಿಯಿತು. ಕೊಯ್ಯುವುದು, ಉಜ್ಜುವುದು, ಬದಲಿಸುವುದು ಉಪಕರಣಕ್ಕೆ ಕುಂದಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ಆದರೂ ಒಂದೇ ಕೆಲಸ ಮಾಡುವ ಎರಡು ಸ್ಕ್ವೀಜಿಗಳಲ್ಲಿ ಹಳೆಯದು ಯಾವುದೆಂದು ಈ ವಾದ ಹೇಳಲಾರದು. ತತ್ತ್ವಜ್ಞಾನಿ ಥಾಮಸ್ ಹಾಬ್ಸ್ 1655ರ ಗ್ರಂಥದಲ್ಲಿ ಇದನ್ನೇ ಎತ್ತಿದ್ದ: ಒಂದೊಂದಾಗಿ ಹಲಗೆ ಬದಲಿಸುತ್ತ ಬಂದ, ಗ್ರೀಕ್ ಪುರಾಣದ ವೀರ ಥೀಸಿಯಸ್‌ನ ಹಡಗಿನಿಂದ ಕಿತ್ತ ಹಳೆಯ ಹಲಗೆಗಳನ್ನೆಲ್ಲ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ನಿಜವಾದ ಹಡಗು ಯಾವುದು? ಗಾಜಿನ ಕಸುಬಿನಲ್ಲಿ ಇದು ಬರೀ ಕಲ್ಪನೆಯಲ್ಲ. ತೆಗೆದಿಟ್ಟ ಚಾನೆಲ್ಲಿಗೆ ಬೇರೆ ಹಿಡಿ ಸಿಗಿಸಿದರೆ ಕಲಿಯುವವನ ಕೈಗೊಂದು ಸ್ಕ್ವೀಜಿ ಸಿದ್ಧ. ಹಳೆಯದೆಂಬ ಹೆಸರು ಅದಕ್ಕೆ ಸಲ್ಲದೆ, ಅಂಗೈಗೆ ಒಗ್ಗಿದ ಹಿಡಿಯ ಜೊತೆಗೇ ಉಳಿಯುವುದು ಸಹಜ. ಹಿಡಿಯೂ ಮುರಿದು ಬದಲಾದರೆ, ಆ ವೇಳೆಗೆ ಬಳಕೆಯಲ್ಲಿದ್ದ ಚಾನೆಲ್ಲು ಆ ಹೆಸರನ್ನು ಹೊಸ ಹಿಡಿಗೆ ದಾಟಿಸುತ್ತದೆ. ಮೂರನ್ನೂ ಒಂದೇ ದಿನ ಬದಲಿಸಿದರೆ ಮಾತ್ರ ಅದು ಹೊಸ ಸ್ಕ್ವೀಜಿ.