ಬಂಡೆಯ ಹಾಡು, ಬೀಸುಕಲ್ಲಿನ ಹಾಡು

ಸಾಹಿತ್ಯದಲ್ಲಿ ಪ್ರಕಾರಗಳು ಯಾಕೆ ಬೇಕು ಎಂದರೆ ನನಗೆ ಅಡುಗೆಮನೆಯ ಡಬ್ಬಿಗಳು ನೆನಪಾಗುತ್ತವೆ. ಕಡಲೆಬೇಳೆ, ತೊಗರಿಬೇಳೆ ಬೇರೆಬೇರೆ ಡಬ್ಬಿಯಲ್ಲಿದ್ದರೆ ಬೇಗ ಕೈಗೆ ಸಿಗುತ್ತವೆ. ಕತೆ, ಕಾದಂಬರಿ, ಕವಿತೆ, ಪ್ರಬಂಧ ಎಂಬ ಹೆಸರುಗಳೂ ಅಂಥವೇ. ಆದರೆ ಡಬ್ಬಿಯ ಮೇಲಿನ ಚೀಟಿ ನೋಡಿಯೇ ಒಳಗಿನ ಕಾಳಿನ ರುಚಿ ತೀರ್ಮಾನಿಸುವುದು ನ್ಯಾಯವೇ?

ತ್ರಿಪದಿಯನ್ನೇ ನೋಡಿ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದಿದೆ. ಒಬ್ಬ ವೀರನ ಗುಣ ಹೇಳಲು ಅಲ್ಲಿ ಮೂರು ಸಾಲಿನ ಪದ್ಯ ಒದಗಿತು. ಅದೇ ಮೂರು ಸಾಲು ಬೀಸುಕಲ್ಲಿನ ಮುಂದೆಯೂ ಬಂದು ಕುಳಿತವು. ನಸುಕಿನಲ್ಲೆದ್ದು ಜೋಳ ಬೀಸುವವಳಿಗೆ ಉದ್ದದ ಮಾತಿಗೆ ಪುರಸೊತ್ತಿಲ್ಲ, ಉಸಿರೂ ಇಲ್ಲ. ಕಲ್ಲು ತಿರುಗುವ ಲಯಕ್ಕೆ ಮೂರು ಸಾಲು ಹೊಂದುತ್ತವೆ. ಎರಡನೆಯ ಸಾಲಿನ ತುಣುಕನ್ನು ಮತ್ತೊಮ್ಮೆ ಹಾಡಿಕೊಂಡರೆ ಮುಂದಿನ ಮಾತು ಹೊಳೆಯಲು ಬಿಡುವೂ ಸಿಗುತ್ತದೆ. ತವರಿನ ಹಂಬಲ, ಅತ್ತೆಮನೆಯ ದುಗುಡ, ತೊಟ್ಟಿಲ ಕೂಸಿನ ಚೆಲುವು ಎಲ್ಲವೂ ಅಷ್ಟರಲ್ಲೇ ಹಿಡಿದವು. ಪ್ರಕಾರ ಹುಟ್ಟುವುದೇ ಹೀಗೆ, ಬದುಕಿನ ಅಗತ್ಯದಿಂದ. ಲಕ್ಷಣ ಬರೆಯುವ ಪಂಡಿತರು ಆಮೇಲೆ ಬರುತ್ತಾರೆ.

ಆದರೂ ಬಂಡೆಯ ಮೇಲಿನದು ಕಾವ್ಯ, ಬೀಸುಕಲ್ಲಿನದು ‘ಹೆಂಗಸರ ಹಾಡು’ ಎಂದಾಯಿತು. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಮಾಡಿಸಿದಾಗ ಅದಕ್ಕೆ ಪುಸ್ತಕದ ಮರ್ಯಾದೆ ಬಂತು. ಹಾಡು ಹಳೆಯದೇ, ಕೇಳುವ ಕಿವಿ ಹೊಸದು. ಕಟ್ಟಿದವಳ ಹೆಸರು ಮಾತ್ರ ಅಷ್ಟರಲ್ಲಿ ಕಳೆದುಹೋಗಿತ್ತು.

ಅಚ್ಚಿನ ಕಾಲದಲ್ಲೂ ಚೀಟಿ ಅಂಟಿಸುವುದು ನಿಲ್ಲಲಿಲ್ಲ. ಮನೆಯೊಳಗಿನ ಬದುಕನ್ನು ಬರೆದ ಲೇಖಕಿಯರ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಎಂಬ ಹೆಸರು ಬಿತ್ತು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ‘ಶರಪಂಜರ’ವನ್ನು ನೆನೆಯಿರಿ. ಬಾಣಂತನದಲ್ಲಿ ಮನಸ್ಸು ಕದಡಿದ ಹೆಣ್ಣು ಗುಣವಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರ ಕಣ್ಣಿಗೆ ಅವಳಿನ್ನೂ ಹುಚ್ಚಿಯೇ. ಮನೋರೋಗಿಯನ್ನು ಸಮಾಜ ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆ ಅದು. ಮನೆಯ ನಾಲ್ಕು ಗೋಡೆಗಳ ನಡುವೆ ಎದ್ದಿತೆಂದು ಆ ಪ್ರಶ್ನೆ ಚಿಕ್ಕದಾಗುತ್ತದೆಯೇ?

ಹೆಸರುಗಳೇ ಬೇಡವೆಂದು ನಾನು ಹೇಳುವುದಿಲ್ಲ. ಹಾಸ್ಯ ಪ್ರಬಂಧವೆಂದರೆ ನಗಲು ಸಿದ್ಧರಾಗಿ ಕೂರುತ್ತೇವೆ, ಲಾಲಿ ಎಂದರೆ ದನಿ ತಗ್ಗಿಸುತ್ತೇವೆ. ಅಷ್ಟರಮಟ್ಟಿಗೆ ಹೆಸರು ಉಪಕಾರಿ. ಗುರುತು ಹೇಳಬೇಕಾದ ಹೆಸರು ಯೋಗ್ಯತೆ ಹೇಳತೊಡಗಿದಾಗ ಅನ್ಯಾಯ ಶುರುವಾಗುತ್ತದೆ. ಹಾಗಾಗಿ ‘ಇದು ಬರೀ ಹೆಂಗಸರ ಕತೆ’ ಎಂದು ಯಾರಾದರೂ ಪುಸ್ತಕವನ್ನು ಪಕ್ಕಕ್ಕಿಟ್ಟರೆ, ಎಷ್ಟು ಪುಟ ಓದಿದಿರಿ ಎಂದು ಮೊದಲು ಕೇಳೋಣ.