ಗಾಜಿನ ತೊಟ್ಟಿ ಮತ್ತು ಬಂಧವೆಂಬ ಅತಿಚಾರ

ಪ್ರಾಣಿಗಳನ್ನು ಸಾಕುವ ವಿಷಯದಲ್ಲಿ ಶ್ರಾವಕರಾದ ನಮಗೆ ಒಂದು ಸಿದ್ಧ ಸಮಾಧಾನವಿದೆ: ಕೊಲ್ಲುವುದಿಲ್ಲ, ಹೊಡೆಯುವುದಿಲ್ಲ, ಹೊತ್ತಿಗೆ ಸರಿಯಾಗಿ ಆಹಾರ ಕೊಡುತ್ತೇವೆ, ಆದ್ದರಿಂದ ದೋಷವಿಲ್ಲ. ಅನುಕೂಲಸ್ಥರ ಹಜಾರಗಳಲ್ಲಿ ಉಪ್ಪುನೀರಿನ ಅಕ್ವೇರಿಯಂಗಳನ್ನು ಕಂಡಾಗ ಈ ಸಮಾಧಾನವನ್ನು ಪರೀಕ್ಷಿಸಬೇಕೆನಿಸುತ್ತದೆ. ಅವುಗಳಲ್ಲಿ ಸರ್ಜನ್ ಮೀನಿಗೆ ವಿಶೇಷ ಮನ್ನಣೆ. ಬಾಲದ ಬುಡದಲ್ಲಿ ಶಸ್ತ್ರವೈದ್ಯರ ಚೂರಿಯಂತಹ ಹರಿತವಾದ ಮುಳ್ಳಿರುವುದರಿಂದ ಅದಕ್ಕೆ ಆ ಹೆಸರು. ಹವಾಯಿ ದ್ವೀಪಗಳ ಹಳದಿ ಜಾತಿ ಹವಳದ ದಿಬ್ಬಗಳ ಮೇಲಿನ ಪಾಚಿಯನ್ನು ಮೇಯುತ್ತದೆ. ‘ಇದೂ ನಮ್ಮಂತೆ ಸಸ್ಯಾಹಾರಿ’ ಎಂದು ಮಿತ್ರರೊಬ್ಬರು ಹೆಮ್ಮೆಯಿಂದ ಹೇಳಿದರು. ಮೀನಿನ ಆಹಾರ ಶುದ್ಧವಾದ ಮಾತ್ರಕ್ಕೆ ಅದನ್ನಿಟ್ಟವರ ವ್ರತವೂ ಶುದ್ಧವೇ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಹೊಡೆತ, ಅಂಗಚ್ಛೇದ, ಅತಿಭಾರ, ಅನ್ನಪಾನನಿರೋಧ ಇವೆಲ್ಲವುಗಳಿಗಿಂತ ಮೊದಲು ಬರುವುದು ಬಂಧ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ, ಜೀವವು ತನಗಿಷ್ಟವಾದ ಎಡೆಗೆ ಹೋಗದಂತೆ ತಡೆಯುವುದು ಎಂಬ ಅರ್ಥವನ್ನು ಕೊಟ್ಟಿದ್ದಾರೆ. ಹಗ್ಗ ಸರಪಳಿಗಳೇ ಬೇಕೆಂದಿಲ್ಲ; ಗಾಜೂ ಸಾಕು.

ಹಸುವನ್ನೂ ಕಟ್ಟುತ್ತೇವಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಪಶುವನ್ನು ಕಟ್ಟಲೇಬೇಕಾದರೆ, ಬೆಂಕಿ ಬಿದ್ದಾಗ ಬಿಡಿಸಿಕೊಳ್ಳುವಂತೆ ಗಂಟು ಸಡಿಲವಾಗಿರಬೇಕೆಂಬ ವಿವೇಕ ನಮ್ಮ ಶ್ರಾವಕಾಚಾರದ ಪರಂಪರೆಯಲ್ಲಿದೆ. ಗಾಜಿನ ತೊಟ್ಟಿಗೆ ಸಡಿಲ ಗಂಟೆಂಬುದಿಲ್ಲ. ವಿದ್ಯುತ್ ನಿಂತು ಪಂಪು ನಿಂತರೆ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ಮನೆಯವರು ಊರಿನಲ್ಲಿಲ್ಲದಿದ್ದರೆ ಆ ಪಂಚೇಂದ್ರಿಯ ಜೀವಕ್ಕೆ ಬೇರೆ ದಾರಿಯಿಲ್ಲ. ಕಿವಿಗಲ್ಲಿನ ಪದರಗಳನ್ನೆಣಿಸಿ ನೋಡಿದಾಗ ಹವಾಯಿಯ ಕಡಲಲ್ಲಿ ಹಳದಿ ಸರ್ಜನ್ ಮೀನು 40 ವರ್ಷ ದಾಟಿಯೂ ಬದುಕುವುದು ತಿಳಿದುಬಂದಿದೆ. ದಿನವಿಡೀ ದಿಬ್ಬದಿಂದ ದಿಬ್ಬಕ್ಕೆ ಮೇಯುತ್ತ ಸಾಗುವ ಜೀವವದು. ನಾಲ್ಕಡಿ ತೊಟ್ಟಿಯಲ್ಲಿ ಅದು ತಿರುಗಿದ್ದೇ ತಿರುಗುವುದನ್ನು ನಾವು ‘ಆಟ’ವೆನ್ನುತ್ತೇವೆ.

ನಾನು ಮಾಡಿಲ್ಲ, ಹಿಡಿದವರು ಯಾರೋ ಎಂಬ ಮಾತು ವ್ಯಾಪಾರಿಯಾದ ನನ್ನ ಮುಂದೆ ನಿಲ್ಲದು. ಅಂಗಡಿಯಲ್ಲಿ ಒಂದು ಸರಕು ಖರ್ಚಾಯಿತೆಂದರೆ ಮುಂದಿನ ಸರಕಿಗೆ ಬರೆದು ಕಳುಹಿಸಿದಂತೆಯೇ. ಕೃತದಲ್ಲಿಲ್ಲದವನು ಕಾರಿತದಲ್ಲಿರುತ್ತಾನೆ. ಫಿಲಿಪೀನ್ಸ್ ಕಡಲಲ್ಲಿ ಹವಳದ ಸಂದುಗಳಿಗೆ ಸಯನೈಡ್ ಸಿಂಪಡಿಸಿ ಅಲಂಕಾರದ ಮೀನುಗಳನ್ನು ಹಿಡಿದ ಚರಿತ್ರೆಯಿದೆ. ಹವಾಯಿಯಲ್ಲಂತೂ ಪರಿಸರ ಪರಿಶೀಲನೆಯಿಲ್ಲದೆ ಇಂತಹ ಮೀನುಗಾರಿಕೆಗೆ ಪರವಾನಗಿ ಸಲ್ಲದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ದಯೆಯಿಂದ ಕೊಂಡು ಕಡಲಿಗೆ ಬಿಡುವೆನೆಂಬವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹವಾಯಿಯಲ್ಲಿ 2015ರಲ್ಲಿ ಹಳದಿ ಜಾತಿಯನ್ನೂ, ಫ್ಲಾರಿಡಾದಲ್ಲಿ 2016ರಲ್ಲಿ ನೀಲಿ ಜಾತಿಯನ್ನೂ ತೊಟ್ಟಿಯಲ್ಲೇ ಮೊಟ್ಟೆಯಿಂದ ಬೆಳೆಸಲಾಯಿತು. ಇದರಿಂದ ಕಡಲನ್ನು ಬರಿದು ಮಾಡುವ ದೋಷ ತಗ್ಗೀತು, ಅದನ್ನು ಅಲ್ಲಗಳೆಯಲಾರೆ. ಬಂಧವೋ, ಹುಟ್ಟಿನಿಂದಲೇ ಆರಂಭವಾಯಿತು, ಅಷ್ಟೆ.

ಈಗಾಗಲೇ ಮನೆಗೆ ಬಂದಿರುವ ಮೀನಿನ ಗತಿಯೇ ಕಠಿಣವಾದ ಪ್ರಶ್ನೆ. ಮಂಗಳೂರಿನ ಕಡಲಿಗೆ ಬಿಡುವಂತಿಲ್ಲ. ಅದು ಅದರ ಕಡಲಲ್ಲ, ತೊಟ್ಟಿಯ ರೋಗವೂ ಜೊತೆಗೆ ಹೋದೀತು. ಅಂಗಡಿಗೆ ಹಿಂದಿರುಗಿಸಿದರೆ ಇನ್ನೊಬ್ಬರ ತೊಟ್ಟಿಗೆ ಸೇರುತ್ತದೆ. ಆದ್ದರಿಂದ ಅದನ್ನು ಕೊನೆಯವರೆಗೆ ಸಲಹುವುದೇ ಉಳಿದ ಮಾರ್ಗ: ಶಕ್ತ್ಯನುಸಾರ ದೊಡ್ಡ ತೊಟ್ಟಿ, ಪಂಪಿಗೆ ಬ್ಯಾಟರಿಯ ಆಸರೆ, ಅದು ತೀರಿದ ಮೇಲೆ ಮತ್ತೊಂದನ್ನು ತರುವುದಿಲ್ಲವೆಂಬ ನಿಯಮ. ಬಸದಿಯ ಅತಿಥಿಗೃಹಕ್ಕೆ ಶೋಭೆಯೆಂದು ಯಾರಾದರೂ ಇಂತಹ ತೊಟ್ಟಿಯನ್ನು ದಾನವೀಯಲು ಬಂದರೆ ಟ್ರಸ್ಟಿಗಳು ವಿನಯದಿಂದ ಬೇಡವೆನ್ನಲಿ. ನನ್ನ ವಯಸ್ಸಿನವರ ಮನೆಗಳಲ್ಲಿ ಮೀನು ಯಜಮಾನನಿಗಿಂತ ಹೆಚ್ಚು ಕಾಲ ಬದುಕುವ ಸಂಭವವುಂಟು. ಆಮೇಲೆ ನೋಡಿಕೊಳ್ಳುವವರು ಯಾರೆಂಬುದನ್ನು ಮಕ್ಕಳೊಡನೆ ಈಗಲೇ ಮಾತಾಡಿಟ್ಟುಕೊಳ್ಳಬೇಕು.