ಚಹಾದ ಎಚ್ಚರ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಅಂಗಡಿಗಳಲ್ಲಿ ಮಾರ್ಚ್ ಕೊನೆಯ ಲೆಕ್ಕಪತ್ರದ ದಿನಗಳಂದು ರಾತ್ರಿ ಬಹಳ ಹೊತ್ತು ದೀಪ ಉರಿಯುತ್ತದೆ. ಸೂರ್ಯಾಸ್ತಕ್ಕೆ ಮುನ್ನವೇ ಭೋಜನ ಮುಗಿಸಿದ ಶ್ರಾವಕನು ತಾನು ಒಂದು ಗುಟುಕು ಚಹಾವನ್ನೂ ಮುಟ್ಟುವುದಿಲ್ಲ. ಆದರೆ ತೂಕಡಿಸುತ್ತಿರುವ ಗುಮಾಸ್ತನಿಗೆ 10 ಗಂಟೆಗೆ ಚಹಾ ತರಿಸುತ್ತಾನೆ. ಇದು ಉಪಚಾರವೋ, ಹಿಂಸೆಯೋ?

ನೇಮಿಚಂದ್ರಾಚಾರ್ಯರ ಗೊಮ್ಮಟಸಾರವು 15 ಪ್ರಮಾದಗಳಲ್ಲಿ ನಿದ್ರೆಯನ್ನೂ ಎಣಿಸುತ್ತದೆ. ಹಾಗೆಂದು ಚಹಾ ಕುಡಿದು ಎಚ್ಚರವಿರುವುದೇ ಅಪ್ರಮಾದವಾಗದು. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೊಸಿನ್ ಎಂಬ ದ್ರವ್ಯ ಹೆಚ್ಚುತ್ತ ನಿದ್ರೆಯನ್ನು ಕರೆಯುತ್ತದೆ. ಚಹಾ, ಕಾಫಿಗಳಲ್ಲಿರುವ ಕೆಫೀನ್ ಅದನ್ನು ಕರಗಿಸುವುದಿಲ್ಲ. ಅದು ಸೇರಬೇಕಾದ ತಾಣವನ್ನು ತಾನು ಆಕ್ರಮಿಸಿ ಆಯಾಸದ ಅರಿವನ್ನು ಮರೆಮಾಡುತ್ತದೆ. ಬಾಕಿ ತೀರಲಿಲ್ಲ, ಮುಂದಿನ ಪುಟಕ್ಕೆ ಹೋಯಿತಷ್ಟೆ. ಸುಮಾರು 5 ಗಂಟೆಗಳ ತರುವಾಯವೂ ಅದರ ಅರ್ಧದಷ್ಟು ದೇಹದಲ್ಲಿ ಉಳಿದಿರುವುದರಿಂದ ಆ ರಾತ್ರಿಯ ನಿದ್ರೆಯೂ ಕೆಡುತ್ತದೆ. ರಾತ್ರಿಭೋಜನತ್ಯಾಗಿಗೆ ಈ ಬಾಧೆ ಕಡಿಮೆ. ವ್ರತವಾದರೋ ಜೀವದಯೆಗಾಗಿ ವಿಹಿತವಾದದ್ದು, ಈ ಲಾಭ ಪ್ರಾಸಂಗಿಕ.

ಹಗಲಿನಲ್ಲಿ ಮಿತವಾಗಿ ಕುಡಿದು ಕೆಲಸ ಮಾಡುವ ಗೃಹಸ್ಥನನ್ನು ಆಕ್ಷೇಪಿಸಬೇಕಾಗಿಲ್ಲ. ಪ್ರಶ್ನೆ ಇರುವುದು ಪರರ ದೇಹದ ಬಗೆಗೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ 5 ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಹೆಸರಿಸುತ್ತದೆ. ಚಕ್ಕಡಿಯ ಎತ್ತಿನ ಮೇಲೆ ಮಿತಿಮೀರಿ ಹೇರಬಾರದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಎತ್ತು ದಣಿದರೆ ನಿಲ್ಲುತ್ತದೆ. ಚಹಾ ಕುಡಿದ ಮನುಷ್ಯ ನಿಲ್ಲುವುದಿಲ್ಲ. ದಣಿವಿನ ಅರಿವನ್ನೇ ಅಡಗಿಸಿ ಹೊರಿಸಿದ ಭಾರವು ಇನ್ನೂ ಸೂಕ್ಷ್ಮವಾದ ಅತಿಚಾರ. ಗುಮಾಸ್ತನೇ ಕೇಳಿ ಕುಡಿದನೆಂಬ ಸಮಾಧಾನವೂ ನಿಲ್ಲದು: ಬೆಳಗಾಗುವುದರೊಳಗೆ ಲೆಕ್ಕ ಮುಗಿಯಬೇಕೆಂದು ಗೊತ್ತುಮಾಡಿದವನು ಅವನಲ್ಲ. ಚಹಾದ ಬದಲು ಅವನನ್ನು ಮನೆಗೆ ಕಳುಹಿಸಿ, ಉಳಿದ ಲೆಕ್ಕವನ್ನು ಮರುದಿನಕ್ಕೆ ಇಡಬಹುದಾಗಿತ್ತು.